ಮೇಸ್ತ್ರಿ ಮನೆಗೆ ಬಂದ ಮಡಿಲಕ್ಕಿ

ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದೆ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ವರ್ಷಕ್ಕಾಗುವಷ್ಟು ಹಣ್ಣಿನ ಬೀಜ, ನಾರು ತೆಗೆದು, ಉಪ್ಪು ಬೆರೆಸಿ ಮಡಕೆಗೆ ತುಂಬುವ ಕೆಲಸ. ಎದುರುಮನೆ ಅಕ್ಕ ಬಂದು ಹೊಸಿಲಲ್ಲಿ ನಿಂತಳು.

"ನಿಮ್ಮೆಜಮಾನ್ರು ಮೇಸ್ತ್ರಿ ಆದ್ರಂತೆ ಕಣಮ್ಮಿ," ಎಂದಳು.

ನನ್ನ ಕೈಯಲ್ಲಿದ್ದ ಕೊಡತಿ ಹಾಗೇ ನಿಂತಿತು. ಸಂತೋಷಪಡಬೇಕಾದ ಮಾತು. ಆದರೆ ಹೇಳಿದವಳ ಮುಖ ನೋಡಿದ ಮೇಲೆ ಸಂತೋಷಪಡಲು ಆಗಲಿಲ್ಲ. ಆ ಮೇಸ್ತ್ರಿ ಕೆಲಸ ಅವಳ ಯಜಮಾನರಿಗೆ ಬರುತ್ತದೆಂದು ಸಾಲುಮನೆಯವರೆಲ್ಲ ತಿಳಿದಿದ್ದೆವು. ಅವಳೂ ಹಾಗೇ ತಿಳಿದಿದ್ದಳು.

ನಾವಿದ್ದದ್ದು ಮದ್ದೂರಿನ ಒಂದು ಅಕ್ಕಿ ಮಿಲ್ಲಿನ ಸಾಲುಮನೆಯಲ್ಲಿ. ಮಿಲ್ಲಿನಲ್ಲಿ ಕೆಲಸ ಇರುವ ತನಕ ಮನೆ, ಕೆಲಸ ಹೋದರೆ ಮನೆಯೂ ಹೋಯಿತು. ನಾಲೆಯ ನೀರು ಬಂದ ಮೇಲೆ ಸುತ್ತಮುತ್ತಲ ಹಳ್ಳಿಗಳಲ್ಲಿ ಭತ್ತ ಹೆಚ್ಚಾಗಿ, ಗಾಡಿಗಳು ಬೆಳಗಿನಿಂದಲೇ ಗೇಟಿನ ಮುಂದೆ ಸಾಲುಗಟ್ಟುತ್ತಿದ್ದವು. ನಮ್ಮ ಯಜಮಾನರನ್ನು ಆ ಮಿಲ್ಲಿಗೆ ಸೇರಿಸಿದವರೇ ಎದುರುಮನೆಯವರು. ಅವರನ್ನು ಇವರು ಅಣ್ಣ ಎನ್ನುತ್ತಿದ್ದರು, ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದ ನನಗೆ ಅವರು ಭಾವ. ಮಿಷನ್ನಿನ ಸದ್ದು ಕೇಳಿಯೇ ಅಕ್ಕಿ ಇಡಿಯಾಗಿ ಬರುತ್ತಿದೆಯೋ ನುಚ್ಚಾಗುತ್ತಿದೆಯೋ ಹೇಳಬಲ್ಲವರು ಭಾವ ಒಬ್ಬರೇ. ಆ ವಿದ್ಯೆಯನ್ನು ನಮ್ಮ ಯಜಮಾನರಿಗೆ ಕೈ ಹಿಡಿದು ಕಲಿಸಿದರು. ಆದರೆ ಮಿಲ್ಲಿನ ಸಾಹುಕಾರರಿಗೆ ಚೀಟಿ ಓದಿ ಬರೆಯಬಲ್ಲ ಮೇಸ್ತ್ರಿ ಬೇಕಾಗಿತ್ತು. ಮೂರನೆಯ ಕ್ಲಾಸಿನ ತನಕ ಓದಿದ್ದಕ್ಕೆ ಇವರನ್ನು ಮೇಲೆ ಕೂರಿಸಿದರು.

ಅಕ್ಕ ಒಳಗೆ ಬಂದು ಇನ್ನೊಂದು ಕೊಡತಿ ಎತ್ತಿಕೊಂಡಳು. ಇಬ್ಬರೂ ಕುಟ್ಟಿದೆವು. ಹೋಗುವಾಗ, "ಮಡ್ಕೆಗೆ ಉಪ್ಪು ಕಮ್ಮಿ ಆಕಿದ್ದೀಯ, ಉಳ ಬೀಳ್ತದೆ," ಎಂದು ತಾನೇ ಒಂದು ಹಿಡಿ ಹಾಕಿದಳು. ಅವತ್ತು ಸಂಜೆ ದೀಪ ಹಚ್ಚಿ, ಅಭ್ಯಾಸದಂತೆ ಬೆರಳ ಗೆಣ್ಣಿನ ಮೇಲೆ ಆ ದಿನದ ಉಪಕಾರಗಳನ್ನು ಎಣಿಸಿದೆ. ಮೇಸ್ತ್ರಿ ಕೆಲಸವನ್ನು ಎಣಿಸಲು ಮನಸ್ಸು ಬರಲಿಲ್ಲ. ಆ ಹಿಡಿ ಉಪ್ಪನ್ನು ಎಣಿಸಿದೆ.

ಮೇಸ್ತ್ರಿಯಾದ ಮೇಲೆ ನಮ್ಮ ಯಜಮಾನರಿಗೆ ಬಾಯಿ ಕಟ್ಟಿಹೋಯಿತು. ಹನ್ನೆರಡು ಜನಕ್ಕೆ ಕೆಲಸ ಹೇಳಬೇಕು. ನಿನ್ನೆಯ ತನಕ ಒಬ್ಬರ ಬೀಡಿಯಿಂದ ಇನ್ನೊಬ್ಬರು ಬೆಂಕಿ ಹಚ್ಚಿಕೊಂಡವರು. ಮೂಟೆ ಹೊರುವವನೊಬ್ಬ ದಿನಾ ಬೆಳಗ್ಗೆ ಎದುರಿಗೆ ನಿಂತು ಕೈಮುಗಿದು, "ಅಪ್ಪಣೆ ಆಗ್ಲಿ ಮೇಸ್ತ್ರಿಗಳೇ," ಎನ್ನುತ್ತಿದ್ದನಂತೆ. ಉಳಿದವರು ನಗುತ್ತಿದ್ದರಂತೆ. ಇವರು ಹೇಳಲಾರದೆ ತಾವೇ ಮೂಟೆಗೆ ಹೆಗಲು ಕೊಡುತ್ತಿದ್ದರು. ಹೆಗಲ ಮೇಲೆ ಗೋಣಿಯ ಗುರುತು ಕಂಡು ನಾನು ಕೇಳಿದರೆ, ಹೇಳುವುದಕ್ಕಿಂತ ಹೊರುವುದೇ ಸಲೀಸು ಎಂದರು.

ನನ್ನ ಕಥೆಯೂ ಬೇರೆಯಲ್ಲ. ಬಾವಿಯ ಹತ್ತಿರ ನಾನು ಹೋದರೆ ಹೆಂಗಸರು ಮಾತು ನಿಲ್ಲಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ಮೊದಲ ಸರದಿ ನನಗೆ. ಮುಂಚೆ ಅದೇ ಬಾವಿಕಟ್ಟೆಯಲ್ಲಿ ಹಗ್ಗಕ್ಕಾಗಿ ಜಗಳವಾಡಿದವಳು ನಾನು, ಈಗ ಜಗಳಕ್ಕೂ ಯಾರೂ ಸಿಗಲಿಲ್ಲ. ಗಂಡನಿಗೆ ರಜ ಕೊಡಿಸು ಎಂದು ಒಬ್ಬಳು ಬಂದಳು. ಭತ್ತ ಬೇಯಿಸುವ ಹಂಡೆಯ ಮುಂದೆ ತನ್ನನ್ನೇ ಯಾವಾಗಲೂ ನಿಲ್ಲಿಸುತ್ತಾರೆಂದು ಇನ್ನೊಬ್ಬಳು ಬಂದು ಜಗಲಿಯ ಮೇಲೆ ಒಂದು ಕಟ್ಟು ನುಗ್ಗೆಕಾಯಿ ಇಟ್ಟುಹೋದಳು. ವಾಪಸು ಕೊಟ್ಟರೆ ಜಂಬ ಎನ್ನುತ್ತಾರೆ, ಇಟ್ಟುಕೊಂಡರೆ ಹಂಗು. ಸಾಲುಮನೆಗೆಲ್ಲ ಎರಡೆರಡು ಹಂಚಿ, ಅವಳ ಮನೆಗೂ ಎರಡು ಕೊಟ್ಟು ಬಂದೆ. ಅವಳು ತಿಂಗಳ ಕಾಲ ಮುಖ ಕೊಡಲಿಲ್ಲ.

ಅಕ್ಕ ಮಾತ್ರ ಮೊದಲಿನ ಹಾಗೇ ಇದ್ದಳು. ನಾನು ಬಸುರಿಯಾಗಿದ್ದೆ. ಮಳವಳ್ಳಿ ಕಡೆಯ ನನ್ನ ತವರಿನಲ್ಲಿ ಅವ್ವ ತೀರಿಕೊಂಡಿದ್ದಳು, ಅಪ್ಪ ಅದಕ್ಕೂ ಮೊದಲೇ. ಬಾಯಿಗೆ ರುಚಿಯಿಲ್ಲ ಎಂದರೆ ಮಾವಿನಕಾಯಿ ಗೊಜ್ಜು ತಂದುಕೊಡುವವಳು, ಬಾವಿಯ ಹಗ್ಗ ನನ್ನ ಕೈಯಿಂದ ಕಿತ್ತುಕೊಳ್ಳುವವಳು ಅವಳೊಬ್ಬಳೇ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಶಿವನಸಮುದ್ರದಿಂದ ಬರುವ ಕರೆಂಟು ನಿಂತರೆ ಮಿಲ್ಲು ನಿಲ್ಲುತ್ತಿತ್ತು. ಆಗ ಸಾಲುಮನೆಯಲ್ಲಿ ಎಲ್ಲರ ಧ್ವನಿಯೂ ತಾನಾಗಿ ತಗ್ಗುತ್ತಿತ್ತು. ಸದ್ದಿನ ನಡುವೆ ಕೂಗಿ ಕೂಗಿ ಬದುಕುವವರಿಗೆ ಅದೊಂದು ವಿರಾಮ. ಅವತ್ತು ಗಂಡಸರು ಬೇವಿನ ಮರದ ಕೆಳಗೆ ಕೂತು ಮೆಲ್ಲಗೆ ಮಾತಾಡುತ್ತಿದ್ದರು. ಭಾವ ಒಬ್ಬರು ಮಾತ್ರ ಮಿಷನ್ನು ಓಡುತ್ತಿದ್ದಾಗ ಕೂಗುವ ಹಾಗೇ ಕೂಗಿ ಮಾತಾಡುತ್ತಿದ್ದರು. ಯಾರೋ ನಕ್ಕರು. ಭಾವನಿಗೆ ನಗು ಕಾಣಿಸಿತೇ ಹೊರತು ಏಕೆಂದು ತಿಳಿಯಲಿಲ್ಲ. ಜಗಲಿಯಲ್ಲಿ ರಾಗಿ ಕೇರುತ್ತಿದ್ದ ನನಗೆ ಆಗ ಗೊತ್ತಾಯಿತು.

ಸಂಜೆ ಇವರನ್ನು ಕೇಳಿದೆ. ಆಗ ಹೇಳಿದರು. ಭಾವನ ಕಿವಿ ಹೋಗಿ ವರ್ಷವಾಗಿತ್ತು. ಮೋಟರಿಗೆ ಬೆಲ್ಟು ಏರಿಸುವ ಮುಂಚೆ ಒಬ್ಬ ಕೂಗುತ್ತಾನೆ, ಕೂಗು ಕೇಳಿದವರು ಹಿಂದೆ ಸರಿಯಬೇಕು. ಭಾವ ಸರಿಯುತ್ತಿರಲಿಲ್ಲ. ಎರಡು ಸಲ ಇವರೇ ಅವರ ಪಂಚೆ ಹಿಡಿದು ಹಿಂದಕ್ಕೆ ಎಳೆದಿದ್ದರು. ಕಾಲು ಜಾರಿತಷ್ಟೇ, ಎಳೆದದ್ದು ಯಾಕೆ ಎಂದು ಭಾವ ಎರಡು ಸಲವೂ ಬೈದಿದ್ದರು. ಮೇಸ್ತ್ರಿ ಕೆಲಸ ಬಿಟ್ಟು ಇವರು ಯಾವಾಗಲೂ ಭಾವನ ಬೆನ್ನ ಹಿಂದೆಯೇ ಏಕೆ ನಿಂತಿರುತ್ತಾರೆಂದು ಮಿಲ್ಲಿನವರೆಲ್ಲ ಆಡಿಕೊಳ್ಳುತ್ತಿದ್ದರು. ಕಾರಣ ಇದು.

ಮೂರನೆಯ ಸಲ ಸಾಹುಕಾರರೇ ಕಂಡರು.

ಅದು ಒಂದು ಬುಧವಾರ. ಇವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅದ್ದಿ ತಟ್ಟೆಯಲ್ಲೇ ಬಿಡುತ್ತಿದ್ದರು. ಸಾಹುಕಾರರು ಕರೆದು, ಆ ಮನುಷ್ಯನ ತೋಳು ಬೆಲ್ಟಿಗೆ ಹೋದರೆ ನಿನ್ನ ತಲೆಗೇ ಬರುತ್ತದೆ, ಸೋಮವಾರದೊಳಗೆ ಅವನನ್ನು ಕೆಲಸದಿಂದ ನಿಲ್ಲಿಸು ಎಂದಿದ್ದರು. ನೀವೇ ಒಂದು ಮಾತು ಹೇಳಿ ಸ್ವಾಮಿ ಎಂದು ಇವರು ಬೇಡಿದ್ದಕ್ಕೆ, ನಾನೇ ಹೇಳುವ ಹಾಗಿದ್ದರೆ ನೀನು ಮೇಸ್ತ್ರಿ ಯಾಕೆ ಎಂದು ಕೇಳಿದ್ದರು. ಗೇಟಿನಲ್ಲಿ ಗಾಡಿ ನೋಡಿಕೊಳ್ಳುವ ಕೆಲಸವಾದರೂ ಕೊಡಿಸೋಣವೆಂದು ಇವರು ಹೋದ ವಾರವೇ ಭಾವನ ಹತ್ತಿರ ಮಾತೆತ್ತಿದ್ದರು. ಭಾವ ಎಲ್ಲರ ಮುಂದೆ, "ಏನ್ಲಾ, ನಾ ಕಲ್ಸಿದ್ ಕೆಲ್ಸ ಕಿತ್ಕೊಂಡು ನನ್ನೇ ನಾಯಿ ಕಾವಲಿಗೆ ಆಕೀಯಾ?" ಎಂದು ಕೂಗಿದ್ದರು. ಅವರು ಯಾವ ಮಾತನ್ನೂ ಮೆಲ್ಲಗೆ ಆಡಲಾರದವರು, ಇಡೀ ಮಿಲ್ಲು ಕೇಳಿತ್ತು. ಹಿರಿಯನನ್ನು ತೆಗೆದರೆ ನಾವೂ ಮೂಟೆ ಕೆಳಗಿಟ್ಟು ಕೂರುತ್ತೇವೆ ಎಂದು ನಾಲ್ಕು ಜನ ಇವರಿಗೆ ಹೇಳಿಯೂ ಆಗಿತ್ತು.

"ಬುಟ್ಬುಡಿ ಮೇಸ್ತ್ರಿಕೆ," ಎಂದೆ.

"ಬುಟ್ರೆ ಬೇರೆಯೋನು ಬತ್ತಾನೆ. ಅವ್ನು ಅಣ್ಣನ ಪಂಚೆ ಇಡ್ದು ಎಳೀತಾನಾ?"

ಸೋಮವಾರ ತಾವೇ ಹೇಳುವ ತನಕ ಯಾರಿಗೂ ಹೇಳಕೂಡದೆಂದು ಇವರು ನನ್ನಿಂದ ಭಾಷೆ ತೆಗೆದುಕೊಂಡರು. ನರಸಿಂಹಸ್ವಾಮಿಯ ಪಟದ ಮುಂದೆ ಕೈಯಿಟ್ಟು ಕೊಟ್ಟೆ. ಕೆಲಸ ಹೋದರೆ ಅಕ್ಕನ ಮನೆಯೂ ಹೋಗುತ್ತದೆ ಎಂಬುದು ಕೊಟ್ಟ ಮೇಲೆ ಹೊಳೆಯಿತು. ಮಾರನೆಯ ದಿನ ಅಕ್ಕ ತನ್ನ ಮನೆಯ ಮುಂದಿನ ಬಸಳೆಗೆ ಹೊಸ ಚಪ್ಪರ ಹಾಕುತ್ತಿದ್ದಳು. ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಉಳಿದೆ.

ಶುಕ್ರವಾರ ಬೆಳಗ್ಗೆ ಅಕ್ಕ ಬಂದು ನನ್ನ ತಲೆಗೆ ಎಣ್ಣೆ ಒತ್ತಿ ನೀರು ಹಾಕಿದಳು. ಏಳು ತಿಂಗಳಾಯಿತಲ್ಲ, ಇವತ್ತು ನಮ್ಮ ಮನೆಯಲ್ಲೇ ಊಟ ಎಂದಳು. ಊಟ ತಾನೆ ಎಂದುಕೊಂಡು ಹೋದೆ. ಹೋಗಿ ನೋಡಿದರೆ ನಡುಮನೆಯಲ್ಲಿ ಮಣೆ ಹಾಕಿ, ರಂಗೋಲಿ ಬಿಟ್ಟು, ಮೊರದಲ್ಲಿ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಗಿಟುಕು, ಅರಿಶಿನದ ಕೊಂಬು, ಎಲೆ ಅಡಿಕೆ, ಹಸಿರು ಬಳೆ, ಒಂದು ರವಿಕೆ ಕಣ. ಪಕ್ಕದ ಮನೆಯ ಇಬ್ಬರು ಮುತ್ತೈದೆಯರು ಆರತಿ ಹಿಡಿದು ನಿಂತಿದ್ದರು.

ನಮ್ಮ ಕಡೆ ಬಸುರಿ ಹೆಂಗಸಿಗೆ ಮಡಿಲು ತುಂಬುವುದು ತವರಿನವರ ಕೆಲಸ. ತವರಿಲ್ಲದವಳಿಗೆ ಬೇರೆ ಯಾರಾದರೂ ತುಂಬಿದರೆ ಅವತ್ತಿನಿಂದ ಅವರದೇ ತವರು. ಹೆರಿಗೆ ಬಾಣಂತನ ಅವರದು. ಅಳಿಯನಿಗೆ ಅವರು ಅತ್ತೆ ಮಾವ. ಬಸುರಿಯಾದವಳು ಮಡಿಲಕ್ಕಿ ಬೇಡ ಎನ್ನುವ ಹಾಗಿಲ್ಲ, ಅಂದರೆ ಮಗುವಿಗೆ ಕೇಡು. ತೆಗೆದುಕೊಂಡ ಅಕ್ಕಿಯನ್ನು ಯಾರಿಗೂ ಕೊಡುವ ಹಾಗೂ ಇಲ್ಲ. ದೇವರ ಮುಂದಿಟ್ಟು, ಪಾಯಸ ಮಾಡಿ ಗಂಡ ಹೆಂಡತಿ ಇಬ್ಬರೂ ಉಣ್ಣಬೇಕು.

ಮಣೆಯ ಮೇಲೆ ಕೂತೆ. ಈಗ ಬಾಯಿ ಬಿಟ್ಟು ಹೇಳಿಬಿಡಲೇ ಎನ್ನಿಸಿತು. ದೇವರ ಮುಂದೆ ಕೊಟ್ಟ ಭಾಷೆ ನೆನಪಾಯಿತು. ಹೊಟ್ಟೆಯಲ್ಲಿ ಮಗು ಒದೆಯಿತು. ಅಕ್ಕ ಐದು ಹಿಡಿ ಅಕ್ಕಿ ನನ್ನ ಸೆರಗಿಗೆ ಸುರಿದು, ತಾನೇ ಗಂಟು ಹಾಕಿ, "ಇನ್ಮ್ಯಾಲೆ ನನ್ನ ಅಕ್ಕ ಅನ್ಬ್ಯಾಡ, ಅವ್ವ ಅನ್ನು," ಎಂದಳು. ನಾನು ಅತ್ತುಬಿಟ್ಟೆ. ಹೆತ್ತವ್ವನ ನೆನಪಾಗಿ ಅಳುತ್ತಿದ್ದಾಳೆಂದು ಮುತ್ತೈದೆಯರು ಕಣ್ಣೊರೆಸಿಕೊಂಡರು.

ಮಗಳನ್ನು ಗಂಡನ ಮನೆಗೆ ಬಿಡುವವನ ಹಾಗೆ ಭಾವ ಮಧ್ಯಾಹ್ನದ ಊಟದ ಬಿಡುವಿನಲ್ಲಿ ನನ್ನನ್ನು ಹತ್ತು ಹೆಜ್ಜೆಯ ನಮ್ಮ ಬಾಗಿಲ ತನಕ ಕರೆದುಕೊಂಡು ಬಂದರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಜಗಲಿಯಲ್ಲಿ ಕೈ ತೊಳೆಯುತ್ತಿದ್ದ ಇವರು ನನ್ನ ಸೆರಗಿನ ಗಂಟು ನೋಡಿದರು, ಭಾವನ ಮುಖ ನೋಡಿದರು. ಚೊಂಬಿನ ನೀರು ಕಾಲ ಮೇಲೆ ಹರಿಯುತ್ತಲೇ ಇತ್ತು.

ಒಳಗೆ ಬಂದ ಮೇಲೆ ಯಾಕೆ ಈಸಿಕೊಂಡೆ ಎಂದು ಕೇಳಿದರು. ಬಸುರಿ ಹೆಂಗಸು ಬೇಡ ಎನ್ನಲು ಆಗುತ್ತದೆಯೇ ಎಂದು ನಾನು ಕೇಳಿದೆ. ಅಕ್ಕಿಯ ಗಂಟು ದೇವರ ಗೂಡಿನಲ್ಲಿ ಕೂತಿತು. ಶನಿವಾರ ಪೂರ್ತಿ ಅದು ಅಲ್ಲೇ ಇತ್ತು. ಅದರ ಮುಂದೆಯೇ ದೀಪ ಹಚ್ಚಿ ಉಪಕಾರ ಎಣಿಸಲು ಕೂತೆ. ಬಿಸಿಲಿನಲ್ಲಿ ಬಾವಿ ಬತ್ತಲಿಲ್ಲ, ಮಗು ಆಡುತ್ತಿದೆ. ಮೂರನೆಯ ಗೆಣ್ಣಿಗೆ ಬಂದಾಗ ಅಕ್ಕನನ್ನು ಎಣಿಸಬೇಕಾಗಿತ್ತು. ಕೈ ಮಡಚಿಕೊಂಡು ಎದ್ದೆ.

ಭಾನುವಾರ ಬೆಳಗ್ಗೆ ಇವರೇ, ಪಾಯಸ ಮಾಡು ಎಂದರು.

"ಉಂಡು ಎಂಗೆ ಯೋಳ್ತೀರಿ ಈ ಮಾತ ಅವರಿಗೆ?" ಎಂದೆ.

"ಉಣ್ದೆ ಯೋಳಿದ್ರೆ ಸಾಹುಕಾರ್ರ ಮೇಸ್ತ್ರಿ ಯೋಳ್ದಂಗಾಯ್ತದೆ. ಉಂಡು ಯೋಳಿದ್ರೆ ಮನೆಯೋನು ಯೋಳ್ದಂಗಾಯ್ತದೆ."

ಆ ಬೆಲ್ಲ ಬಹಳ ಒಳ್ಳೆಯ ಬೆಲ್ಲ. ಇಬ್ಬರೂ ಔಷಧಿ ಕುಡಿದ ಹಾಗೆ ಕುಡಿದೆವು.

ಸೋಮವಾರ ಕೆಲಸ ಹತ್ತುವ ಮುಂಚೆ ಇವರು ಎದುರುಮನೆಯ ಜಗಲಿಗೆ ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಮಿಷನ್ನು ಇನ್ನೂ ಶುರುವಾಗಿರಲಿಲ್ಲ, ಬೀದಿ ನಿಶ್ಶಬ್ದವಾಗಿತ್ತು. ಭಾವನಿಗೆ ಕೇಳಿಸುವ ಹಾಗೆ ಹೇಳಬೇಕಾದರೆ ಕೂಗಬೇಕು, ಕೂಗಿದರೆ ಸಾಲುಮನೆಗೆಲ್ಲ ಕೇಳುತ್ತದೆ. ಇವರು ಅದಕ್ಕಾಗಿ ಭಾವನ ಪಕ್ಕ ಕೂತು, ಕಿವಿಗೆ ಬಾಯಿ ತೀರ ಹತ್ತಿರ ಇಟ್ಟು, ಭುಜದ ಮೇಲೆ ಕೈಯಿಟ್ಟು ಹೇಳಿದರು. ಮೊದಲ ಮಾತು ಮಾವ ಎಂಬುದಾಗಿತ್ತಂತೆ. ನಿಮ್ಮ ಕಿವಿ ಹೋಗಿದೆ ಮಾವ, ಬೆಲ್ಟಿಗೆ ನಿಮ್ಮನ್ನು ಕೊಡಲಾರೆ, ಇವತ್ತಿನಿಂದ ಒಳಗೆ ಬರಬೇಡಿ ಎಂದರಂತೆ.

ಭಾವ ಎದುರಿನ ಬೇವಿನ ಮರದ ಕಡೆ ಮುಖ ತಿರುಗಿಸಿದರು. ಆಮೇಲೆ ಅವರು ಹೇಳಿದ್ದು ಎಲ್ಲರಿಗೂ ಕೇಳಿತು.

"ಮೂರು ಸಲ ಎಳ್ದೆ ಅಲ್ವಾ ನನ್ನ ಪಂಚೆಯ? ಮೂರ್ನೇ ಸಲ ಎಳೀಬಾರ್ದಾಗಿತ್ತು ಕಣ್ಲಾ."

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವತ್ತು ಮೂಟೆಯವರು ಮಾತು ಕೊಟ್ಟಂತೆ ಮೂಟೆ ಕೆಳಗಿಟ್ಟು ಕೂತರು. ಮಧ್ಯಾಹ್ನದ ತನಕ ಗಾಡಿಗಳು ಗೇಟಿನಲ್ಲೇ ನಿಂತಿದ್ದವು. ಇವರು ಮೂಟೆಯವರ ಮುಂದೆ ಹೋಗಿ, ಬೆಲ್ಟು ಏರಿಸುವಾಗ ಆ ಹಿರಿಯರ ಹಿಂದೆ ನಾಳೆಯಿಂದ ಯಾರು ನಿಲ್ಲುತ್ತೀರಿ ಹೇಳಿ, ಅವರನ್ನು ಈಗಲೇ ಕರೆಯುತ್ತೇನೆ ಎಂದರಂತೆ. ಯಾರೂ ಮುಂದೆ ಬರಲಿಲ್ಲ. ದಿನಾ ಕೈಮುಗಿಯುತ್ತಿದ್ದವನು ಮೊದಲು ಮೂಟೆ ಎತ್ತಿದ. ಅಪ್ಪಣೆ ಆಗಲಿ ಎಂಬ ಮಾತು ಆಮೇಲೆ ಅವನ ಬಾಯಿಂದ ಬರಲಿಲ್ಲ, ಬೇರೆ ಮಾತೂ ಬರಲಿಲ್ಲ.

ಅಂದು ಸಂಜೆ ಇವರು ಸಾಹುಕಾರರ ಹತ್ತಿರ ಹೋಗಿ, ಅವರು ನನ್ನ ಹೆಂಡತಿಯ ತವರಿನವರು, ಹೆರಿಗೆ ಅವರ ಕೈಯಲ್ಲೇ ಆಗಬೇಕು, ಅಲ್ಲಿಯ ತನಕ ಮನೆ ಬಿಡಿಸಬೇಡಿ ಎಂದು ಕೇಳಿದರು. ಸಾಹುಕಾರರು ಒಪ್ಪಿದರು. ಮಡಿಲಕ್ಕಿಯಿಂದ ಅಷ್ಟಾದರೂ ಆಯಿತು. ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೆಣ್ಣುಮಗು ಹುಟ್ಟಿತು, ಅಕ್ಕನೇ ಬಾಣಂತನ ಮಾಡಿದಳು. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಅವರಿಬ್ಬರೂ ಆತಗೂರು ಕಡೆ ತಮ್ಮ ಮಗಳಿದ್ದ ಹಳ್ಳಿಗೆ ಹೋದರು. ಅಲ್ಲಿಯ ತನಕ ಭಾವ ನಮ್ಮ ಹೊಸಿಲು ತುಳಿಯಲಿಲ್ಲ. ಮಗುವನ್ನು ಅಕ್ಕ ತನ್ನ ಜಗಲಿಗೆ ಎತ್ತಿಕೊಂಡು ಹೋದಾಗ ಮಾತ್ರ ಎತ್ತಿಕೊಳ್ಳುತ್ತಿದ್ದರು. ನಮ್ಮ ಯಜಮಾನರು ಇನ್ನೂ ಹದಿನಾರು ವರ್ಷ ಮೇಸ್ತ್ರಿಯಾಗಿದ್ದರು. ಬಿಡಬೇಕೆಂದು ಎಷ್ಟೋ ಸಲ ಹೇಳಿದರು, ಒಂದು ಸಲವೂ ಬಿಡಲಾಗಲಿಲ್ಲ.

ಆದರೆ ನಾನು ಬರೆಯಬೇಕೆಂದು ಕೂತದ್ದು ಆ ಸೋಮವಾರದ ಮಾರನೆಯ ದಿನ, ಮಂಗಳವಾರದ ಬೆಳಗನ್ನು. ಸಂಡಿಗೆಗೆ ಅಕ್ಕಿ ನೆನೆಹಾಕಿ ಮೂರು ದಿನವಾಗಿತ್ತು. ಅವತ್ತು ಮಾಡದಿದ್ದರೆ ಕೆಟ್ಟುಹೋಗುತ್ತಿತ್ತು. ರುಬ್ಬಿಕೊಂಡು, ಹಿತ್ತಿಲಿನ ಒಲೆಯ ಮೇಲೆ ಪಾತ್ರೆ ಇಟ್ಟು ಹಿಟ್ಟು ತಿರುವುತ್ತಿದ್ದೆ. ಸಂಡಿಗೆ ಇಬ್ಬರ ಕೆಲಸ. ಒಬ್ಬರು ಗಂಟು ಕಟ್ಟದ ಹಾಗೆ ತಿರುವುತ್ತಿರಬೇಕು, ಇನ್ನೊಬ್ಬರು ಬಿಸಿ ಆರುವ ಮುಂಚೆ ಬಟ್ಟೆಯ ಮೇಲೆ ಬಿಡಬೇಕು. ಪ್ರತಿವರ್ಷ ಅಕ್ಕ ಬರುತ್ತಿದ್ದಳು. ಈ ವರ್ಷ ಕರೆಯಲು ನನಗೆ ಮುಖವಿರಲಿಲ್ಲ.

ಕರೆಯದೆಯೇ ಬಂದಳು. ಕಣ್ಣು ಊದಿತ್ತು. ಒಲೆಯ ಎದುರಿಗೆ ನಿಂತು ಕೇಳಿದಳು.

"ಮಣೆ ಮ್ಯಾಲೆ ಕೂತಿದ್ದಾಗ್ಲೇ ನಿಂಗೊತ್ತಿತ್ತಾ?"

ಸುಳ್ಳು ಹೇಳಬಹುದಾಗಿತ್ತು. ಭಾಷೆಯ ಅವಧಿ ಸೋಮವಾರಕ್ಕೇ ಮುಗಿದಿತ್ತು, ಇನ್ನು ಅದರ ಮರೆಯೂ ನನಗಿರಲಿಲ್ಲ.

"ಗೊತ್ತಿತ್ತು," ಎಂದೆ. "ಬುಧವಾರದಿಂದ."

ಅವಳು ತಲೆಯಾಡಿಸಿದಳು. ಹಿಟ್ಟು ಗುಳುಗುಳು ಎನ್ನುತ್ತಿತ್ತು. ತಿರುವುವುದನ್ನು ನಾನು ನಿಲ್ಲಿಸಿದ್ದೆ.

"ಅವ್ರಿಗೆ ಕಿವಿ ಓಗ್ಬುಟ್ಟದೆ ಅಂತ ನಂಗೂ ಗೊತ್ತಿತ್ತು ಕಣಮ್ಮಿ. ಒಂದ್ ವರ್ಸದಿಂದ. ಇವತ್ತಲ್ಲ ನಾಳೆ ಅವರ್ನ ಬುಡ್ಸೋ ಕೆಲ್ಸ ನಿನ್ ಗಂಡನ ಕೈಗೇ ಬತ್ತದೆ ಅಂತ್ಲೂ ಗೊತ್ತಿತ್ತು."

ನಾನು ತಲೆ ಎತ್ತಿ ನೋಡಿದೆ.

"ಅದಕ್ಕೇ ಮಡ್ಲು ತುಂಬ್ದೆ ಅನ್ಕತೀಯ. ಅದಕ್ಕೂ ತುಂಬ್ದೆ. ನಿಮ್ಮವ್ವ ಇಲ್ಲ ಅಂತ್ಲೂ ತುಂಬ್ದೆ. ಯಾವ್ದು ಎಷ್ಟು ಅಂತ ನನ್ನ ಕೇಳ್ಬ್ಯಾಡ."

ಕೇಳಲಿಲ್ಲ. ನಾನೂ ಹೆದರಿಕೆಗೆ ಎಷ್ಟು ತೆಗೆದುಕೊಂಡೆ, ಅವ್ವ ಬೇಕೆಂಬ ಆಸೆಗೆ ಎಷ್ಟು ತೆಗೆದುಕೊಂಡೆ ಎಂದು ಯಾರಾದರೂ ಕೇಳಿದರೆ ಹೇಳಲಾರೆ. ಅವಳು ನನ್ನನ್ನು ಕಟ್ಟಿಹಾಕಬೇಕೆಂದು ಹಾಕಿದ ಗಂಟಿನಲ್ಲಿ ಅವಳೂ ಸಿಕ್ಕಿಕೊಂಡಿದ್ದಳು. ಮುನಿಸಿಕೊಂಡು ಮನೆಯಲ್ಲಿ ಕೂರುವ ಹಾಗಿರಲಿಲ್ಲ. ಮಡಿಲು ತುಂಬಿದವಳು ಬರಲೇಬೇಕು, ನಾನು ಅವ್ವ ಎನ್ನಲೇಬೇಕು.

"ಅವ್ವ, ತಳ ಇಡೀತದೆ," ಎಂದೆ.

ಅವಳು ನನ್ನ ಕೈಯಿಂದ ತೊಳಸುವ ಕೋಲು ಕಿತ್ತುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾತ್ರೆಗೆ ಬಾಗಿದಳು. ಅತ್ತಲಿಂದ ಮೋಟರು ಶುರುವಾಗುವ ಸದ್ದು, ಬೆಲ್ಟು ಏರಿಸುವವನ ಕೂಗು ಕೇಳಿತು. ಅವಳ ಕೈ ಒಂದು ಗಳಿಗೆ ನಿಂತು ಮತ್ತೆ ತಿರುವತೊಡಗಿತು. ಇನ್ನು ಮೇಲೆ ಆ ಕೂಗಿಗೆ ಎದುರುಮನೆಯಲ್ಲಿ ಯಾರೂ ಬೆಚ್ಚಬೇಕಾಗಿಲ್ಲ ಎಂದುಕೊಂಡೆ. ಸಂಜೆ ದೀಪದ ಮುಂದೆ ಅದೊಂದನ್ನು ಎಣಿಸಬಹುದು.

ಹಗ್ಗದ ಮಂಚದ ಮೇಲೆ ಒದ್ದೆ ಪಂಚೆ ಹರವಿ, ನಾಲ್ಕು ತುದಿಗೂ ಕಲ್ಲಿಟ್ಟು, ಸೌಟು ತೊಳೆದುಕೊಂಡು ಮೊದಲನೆಯ ಸಾಲು ಸಂಡಿಗೆ ಬಿಡಲು ಬಾಗಿದೆ.